ಇಬ್ಬರಿಗೂ ಹೂಂ ಅಂದವಳು

ಬರುವ ಭಾನುವಾರ ಮನೆಗೆ ಇಬ್ಬರು ಹೆಂಗಸರು ಬರುವವರಿದ್ದರು. ಒಬ್ಬರು ಬರುವ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹಲ್ಲಿನ ಸಂದಿಗೆ ಸಿಕ್ಕ ನಾರಿನ ಕಡೆಗೆ ನಾಲಿಗೆ ಹೋದಂತೆ ಅವಳ ಮನಸ್ಸು ಹೊರಳಿ ಹೊರಳಿ ಅಲ್ಲಿಗೇ ಹೋಗುತ್ತಿತ್ತು. ಹಲ್ಲುಜ್ಜುವಾಗ ಅದೇ, ತುಂಬಿದ ಹೊಟ್ಟೆ ಹೊತ್ತು ಮೂರು ಮಹಡಿ ಮೆಟ್ಟಿಲು ಏದುಸಿರು ಬಿಟ್ಟುಕೊಂಡು ಹತ್ತುವಾಗ ಅದೇ, ಬರಲಿರುವ ಮಗುವಿನ ಪುಟ್ಟ ಅಂಗಿಗಳನ್ನು ಒಗೆದು ಹಿಂಡುವಾಗಲೂ ಅದೇ.

ಒಬ್ಬಳು ಅವಳ ಅಮ್ಮ, ಇನ್ನೊಬ್ಬರು ಅವಳ ಅತ್ತೆ, ಗಂಡನ ತಾಯಿ. ಇಬ್ಬರೂ ಬರುತ್ತಿದ್ದದ್ದು ಒಂದೇ ಕೆಲಸಕ್ಕೆ: ಇನ್ನೇನು ಹುಟ್ಟಲಿರುವ ಮಗುವನ್ನೂ ಅದರ ತಾಯಿಯಾಗಲಿರುವ ಇವಳನ್ನೂ ಮೊದಲ ತಿಂಗಳು ನೋಡಿಕೊಳ್ಳುವುದಕ್ಕೆ. ಅವರಿಗೆ ಕೊಡಲು ಇದ್ದದ್ದು ಒಂದೇ ಚಿಕ್ಕ ಕೋಣೆ, ಆ ಕೋಣೆಯಲ್ಲೊಂದು ಮಡಚುವ ಮಂಚ. ಇಬ್ಬರಿಗೂ ಬೇರೆಬೇರೆಯಾಗಿ ‘ಹೂಂ, ಬನ್ನಿ’ ಅಂದವಳು ಬೇರೆ ಯಾರೂ ಅಲ್ಲ, ಅವಳೇ.

ಮೊದಲು ಕೇಳಿದ್ದು ಅಮ್ಮ. ಫೋನ್ ಮಾಡಿ, “ಮಗು ಬರೋಕೆ ಒಂದು ವಾರ ಮುಂಚೆ ಬಂದ್ಬಿಡ್ತೀನಿ, ಆಗ್ಬೋದಾ?” ಅಂದಿದ್ದಳು. ‘ಆಗ್ಬೋದಾ’ ಎಂಬ ಮಾತು ಅಮ್ಮನ ಬಾಯಿಯಿಂದ ಬರುವುದೇ ಅಪರೂಪವಾದ್ದರಿಂದ ಇವಳು ತಬ್ಬಿಬ್ಬಾಗಿ ಹೂಂ ಅಂದುಬಿಟ್ಟಳು. ಅದಾದ ಮೇಲೆ ಅತ್ತೆ ಮನೆಗೇ ಬಂದರು. ಚಿಕ್ಕ ಕೋಣೆಗೆ ಹೋದವರೇ ಮಂಚ ಬಿಚ್ಚಿ ಉದ್ದಕ್ಕೆ ಮಲಗಿ ನೋಡಿದರು.

“ಕಿರ್ ಅನ್ನುತ್ತೆ ಕಣಮ್ಮ.”

“ಎಣ್ಣೆ ಬಿಡಿಸ್ತೀನಿ ಅತ್ತೆ.”

“ಬೇಡ ಬೇಡ, ಇರ್ಲಿ. ಇದರ ಕಿರ್‌ನಲ್ಲಿ ನನ್ನ ಗೊರಕೆ ಯಾರಿಗೂ ಕೇಳ್ಸಲ್ಲ. ಸರಿ, ಈ ಮಂಚ ನಂದು. ಗಟ್ಟಿ ತಾನೇ?”

ಮಂಚದ ವಿಷಯ ಕೇಳಿದರೋ, ಮಾತಿನ ವಿಷಯ ಕೇಳಿದರೋ ತಿಳಿಯದೆ ಇವಳು ಅದಕ್ಕೂ ಹೂಂ ಅಂದಳು.

ಗಂಡನಿಗೆ ಇದು ತಿಳಿದದ್ದು ಬೀರು ಸರಿಸುವ ದಿನ. ಅವನು ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳು ಅವನ ಕೈಯಲ್ಲಿ ರಿಪೇರಿಯಾಗಿವೆ. ತಾನಿರುವ ಕಟ್ಟಡದಲ್ಲಿ ಮಾತ್ರ ಲಿಫ್ಟೇ ಇಲ್ಲ. ಚಿಕ್ಕ ಕೋಣೆಯಲ್ಲಿ ಜಾಗ ಮಾಡಬೇಕೆಂದು ಅವಳು ಹಟ ಹಿಡಿದಿದ್ದಳು. ಬೀರು ಆ ಗೋಡೆಗೆ ತಳ್ಳಿದರೆ ಕಿಟಕಿ ಮುಚ್ಚುತ್ತಿತ್ತು, ಈ ಗೋಡೆಗೆ ತಳ್ಳಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ.

“ಮತ್ತೆ ಆ ಕಡೆಗೇ ಇರ್ಲಿ ರೀ.”

“ಲೇ, ದಿನವಿಡೀ ಲಿಫ್ಟು ಮೇಲೆ ಕೆಳಗೆ ಮಾಡ್ತೀನಿ. ಮನೆಗೆ ಬಂದ್ರೆ ಬೀರು ಹಿಂದೆ ಮುಂದೆ. ಒಟ್ಟಿನಲ್ಲಿ ನಾನು ಮಾತ್ರ ಎಲ್ಲಿಗೂ ಹೋಗ್ತಾ ಇಲ್ಲ.”

“ಇಲ್ಲಿ ಇನ್ನೊಂದು ಮಂಚ ಹಿಡಿಸುತ್ತಾ?”

“ಇನ್ನೊಂದು ಯಾಕೆ?”

ಅವಳು ಹೇಳಿದಳು. ಅವನು ಬೀರು ಬಿಟ್ಟು ಮಂಚದ ಮೇಲೆ ಕುಳಿತ. ಮಂಚ ಕಿರ್ ಅಂದಿತು.

“ನಿಮ್ಮಮ್ಮಂಗೂ ಹೂಂ ಅಂದ್ಯಾ? ನಮ್ಮಮ್ಮಂಗೂ ಅಂದ್ಯಾ?”

“ಹೂಂ.”

“ನೋಡು, ಈಗ ನನಗೂ ಅಂದೆ!”

ಅವಳಿಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರಾಡಿತು. ಅದನ್ನು ಕಂಡದ್ದೇ ತಡ ಅವನು ಮಂಚದಿಂದ ಎದ್ದ. “ಸರಿ ಸರಿ, ಯಾರಿಗಾದ್ರೂ ಒಬ್ರಿಗೆ ಬೇಡ ಅನ್ನು,” ಅಂದ.

“ಯಾರಿಗೆ?”

“ಅದು... ನಿನ್ನಿಷ್ಟ.”

“ನಮ್ಮಮ್ಮಂಗೆ ನೀವೇ ಫೋನ್ ಮಾಡಿ ಹೇಳ್ಬಿಡಿ.”

“ನಾನಾ? ನಿಮ್ಮಮ್ಮಂಗಾ? ಅವರು ಫೋನಲ್ಲೇ ನನ್ನ ಬಿ.ಪಿ. ಕೇಳ್ತಾರೆ!” ಅಂದವನೇ ಅಳತೆ ಟೇಪು ತೆಗೆದು, ಆಗಲೇ ಎರಡು ಸಲ ಅಳೆದಿದ್ದ ಗೋಡೆಯನ್ನು ಮೂರನೇ ಸಲ ಅಳೆಯತೊಡಗಿದ.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಮ್ಮ ಕಳೆದ ವರ್ಷದವರೆಗೆ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಊರಿನ ಎಷ್ಟೋ ಮಕ್ಕಳ ಮೊದಲ ಅಳು ಅವಳ ಕೈಯ ಮೇಲೇ ಆಗಿತ್ತು. ‘ನಿನಗೇನಮ್ಮ, ನರ್ಸಮ್ಮನ ಮಗಳು, ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ಕೋ’ ಎಂದು ನೆರೆಹೊರೆಯವರು ಹೊಟ್ಟೆಕಿಚ್ಚು ಪಡುತ್ತಿದ್ದರು. ಇವಳಿಗೆ ಕಷ್ಟವಿದ್ದದ್ದೇ ಅಲ್ಲಿ. ಹೋದ ತಿಂಗಳು ಅಮ್ಮ ಬಂದು ಹೋದಾಗ ಮೊದಲು ನೋಡಿದ್ದು ಮಗಳ ಮುಖವನ್ನಲ್ಲ, ಪಾದವನ್ನು. “ಊದಿದೆ. ಉಪ್ಪು ಕಮ್ಮಿ ಮಾಡು.” ಆಮೇಲೆ ಮಗುವಿನ ಅಂಗಿ. “ಗುಂಡಿ ಇರೋದು ಯಾಕೆ ತಂದೆ? ದಾರ ಕಟ್ಟೋದು ತರ್ಬೇಕು.” ಆಮೇಲೆ ಹಾಸಿಗೆಯ ಹೊದಿಕೆ. ಅದರ ನಾಲ್ಕು ಮೂಲೆಗಳನ್ನೂ ಬಿಚ್ಚಿ, ವಾರ್ಡಿನ ರೀತಿಯಲ್ಲಿ ಎಳೆದು ಮಡಿಚಿ ಹೋದಳು. ಆ ರಾತ್ರಿ ಗಂಡ ಹೆಂಡತಿ ಇಬ್ಬರೂ ಹೊದಿಕೆ ಕೆಡಬಾರದೆಂದು ಕೋಲಿನ ಹಾಗೆ ನೆಟ್ಟಗೆ ಮಲಗಿದ್ದರು.

ಅಮ್ಮನ ಮಾತಿನಲ್ಲಿ ಒಂದಾದರೂ ತಪ್ಪು ಸಿಕ್ಕಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಸಿಗುತ್ತಿರಲಿಲ್ಲ. ಅಮ್ಮ ಎದುರಿಗಿದ್ದರೆ ಇವಳ ಕೈಯಿಂದ ಚಮಚ ಬೀಳುತ್ತಿತ್ತು, ಹಾಲಿನ ಡಬ್ಬಿಯ ಮುಚ್ಚಳ ಓರೆಯಾಗಿ ಕೂರುತ್ತಿತ್ತು. ಮಗು ಎತ್ತಿಕೊಳ್ಳುವಾಗಲೂ ಹೀಗಾದರೆ? ಅಲ್ಲದೆ, ಅಮ್ಮನ ಜೊತೆ ಒಂದೇ ಮನೆಯಲ್ಲಿ ಇಡೀ ದಿನ ಇದ್ದು ಇವಳಿಗೆ ಅಭ್ಯಾಸವೇ ಇರಲಿಲ್ಲ. ಚಿಕ್ಕವಳಿದ್ದಾಗ ಇವಳು ಎದ್ದರೆ ಅಮ್ಮ ಡ್ಯೂಟಿ ಮುಗಿಸಿ ಬಂದು ಮಲಗಿರುತ್ತಿದ್ದಳು, ಅಮ್ಮ ಎದ್ದು ಹೊರಡುವಾಗ ಇವಳು ಮಲಗಿರುತ್ತಿದ್ದಳು. ಉಣ್ಣಿಸಿ, ಜಡೆ ಹಾಕಿ ಬೆಳೆಸಿದ್ದು ಪಕ್ಕದ ಮನೆಯ ದೊಡ್ಡಮ್ಮ. ಅವರೂ ಈಗಿಲ್ಲ.

ಅತ್ತೆಯದು ಬೇರೆಯೇ ಲೆಕ್ಕ. ಅವರು ಚಿತ್ರಮಂದಿರವೊಂದರ ಟಿಕೆಟ್ ಕಿಟಕಿಯ ಹಿಂದೆ ಕುಳಿತು ಜೀವನ ಕಳೆದವರು. ಟಿಕೆಟ್ ಮಾರಿ ಮುಗಿದ ಮೇಲಷ್ಟೇ ಒಳಗೆ ಹೋಗಿ ನಿಲ್ಲಲು ಬಿಡುತ್ತಿದ್ದರಂತೆ. ಹಾಗಾಗಿ ಯಾವ ಸಿನಿಮಾದ ಶುರುವನ್ನೂ ಅವರು ಕಂಡವರಲ್ಲ. ಎಲ್ಲ ಕಥೆಗಳನ್ನೂ ನಡುವಿನಿಂದ ಹೇಳಿ, ಶುರುವನ್ನು ತಾವೇ ಕಟ್ಟುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟು ಕಥೆ ಹೇಳುತ್ತಾ ನಿಂತರೆ ಹಾಲು ಉಕ್ಕಿಯೇ ಉಕ್ಕುತ್ತಿತ್ತು. ‘ಅಯ್ಯೋ, ಹೋಯ್ತಲ್ಲ’ ಎಂದು ನಕ್ಕು ಬಟ್ಟೆ ಹುಡುಕುತ್ತಿದ್ದರು, ಆ ಬಟ್ಟೆ ಅವರ ಹೆಗಲ ಮೇಲೇ ಇರುತ್ತಿತ್ತು. “ನಿಮ್ಮ ಮಗನ್ನ ಹೇಗೆ ಬೆಳೆಸಿದ್ರಿ ಅತ್ತೆ?” ಎಂದು ಇವಳೊಮ್ಮೆ ಕೇಳಿದ್ದಳು. “ನಾನೆಲ್ಲಿ ಬೆಳೆಸ್ದೆ? ಅವನೇ ಬೆಳೆದ. ನಾನು ನೋಡ್ತಾ ಇದ್ದೆ,” ಅಂದಿದ್ದರು. ಇಂಥವರ ಕೈಗೆ ಹಸುಗೂಸು ಕೊಡುವುದು ಹೇಗೆ? ಆದರೂ ಅತ್ತೆ ಇದ್ದ ದಿನ ಇವಳ ಕೈಯಿಂದ ಚಮಚ ಬೀಳುತ್ತಿರಲಿಲ್ಲ. ಬಿದ್ದರೂ ಅದರ ಸದ್ದು ಕೇಳಿಸುತ್ತಿರಲಿಲ್ಲ.

ಮಗುವಿಗೆ ಅಮ್ಮ ಬೇಕು ಎಂದು ಬೆಳಿಗ್ಗೆ ತೀರ್ಮಾನ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಅದು ತಲೆಕೆಳಗಾಗಿರುತ್ತಿತ್ತು. ಹೆತ್ತ ತಾಯಿಗೆ ಬೇಡ ಅಂದು ಅತ್ತೆಯನ್ನು ಕರೆಸಿಕೊಳ್ಳುವ ಮಗಳೂ ಇರುತ್ತಾಳೆಯೇ? ಅಮ್ಮನಿಗೆ ಇದು ತಿಳಿದರೆ ಜನ್ಮಕ್ಕೆ ಮರೆಯುವಳೇ? ಹೋಗಲಿ, ಅತ್ತೆಗೇ ಬೇಡ ಅಂದರೆ? ಅವರು ‘ಆಯ್ತು ಕಣಮ್ಮ’ ಎಂದು ನಕ್ಕುಬಿಡುತ್ತಾರೆ. ಆ ನಗು ನೆನೆಸಿಕೊಂಡರೆ ಇನ್ನೂ ಸಂಕಟ.

ಗುರುವಾರ ಅಂಗಡಿಯಲ್ಲಿ ಅನಾಹುತವಾಯಿತು. ಅವಳು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಗಿರಾಕಿಗಳಿಂದ ಬಟ್ಟೆ ತೆಗೆದುಕೊಳ್ಳುವವಳು. ಜೇಬು ತಡಕಬೇಕು, ಕಲೆ ಎಲ್ಲಿದೆ, ಗುಂಡಿ ಎಷ್ಟು ಉದುರಿವೆ ನೋಡಬೇಕು, ನಂಬರಿನ ಚೀಟಿಯನ್ನು ಕಾಲರಿಗೆ ಪಿನ್ ಮಾಡಿ ಒಳಗೆ ಕಳಿಸಬೇಕು. ಹೊಟ್ಟೆ ಕಾಣಿಸಿಕೊಂಡ ಮೇಲೆ ಒಳಗಿನ ಯಂತ್ರಗಳ ವಾಸನೆ ಬೇಡವೆಂದು ಮಾಲೀಕರೇ ಅವಳನ್ನು ಮುಂದೆ ಕೂರಿಸಿದ್ದರು. ಅವಳ ಚೀಟಿ ತಪ್ಪಿದ್ದಿಲ್ಲ. ಅವತ್ತು ಇಸ್ತ್ರಿಯಣ್ಣ ಎರಡು ಕಪ್ಪು ಕೋಟುಗಳನ್ನು ಎತ್ತಿ ಹಿಡಿದುಕೊಂಡು ಹೊರಗೆ ಬಂದ. ಅವನು ಆ ಅಂಗಡಿಯ ಹಳೆಯ ಹುಲಿ. ಅವನ ಕಾಲೆಳೆಯುವ ಮಾತಿಗೆ ಸಿಕ್ಕದವರಿಲ್ಲ.

“ಏನ್ ತಂಗಿ, ನಲವತ್ತೆರಡಕ್ಕೆ ಅವಳಿ ಜವಳಿ ಆಗಿದೆ?”

ಎರಡೂ ಕೋಟುಗಳಿಗೆ ಒಂದೇ ನಂಬರು. ಯಾವುದು ಮದುಮಗನದು, ಯಾವುದು ವಕೀಲರದು ಎಂದು ತಡಕಾಡಿ, ತೋಳಿನ ಮೇಲಿನ ಮಸಿಯ ಕಲೆ ನೋಡಿ ವಕೀಲರದನ್ನು ಗುರುತು ಹಿಡಿಯುವಷ್ಟರಲ್ಲಿ ಬೆವತುಹೋಗಿದ್ದಳು.

“ತಲೆ ಎಲ್ಲಿಟ್ಟಿದ್ದೀಯಾ?”

ಅಣ್ಣನಂಥವನು ಕೇಳಿದನೆಂದು ಅವಳು ಎಲ್ಲವನ್ನೂ ಬಡಬಡನೆ ಹೇಳಿಬಿಟ್ಟಳು. ಅವನು ಗಲ್ಲ ಕೆರೆದುಕೊಂಡ.

“ಇಷ್ಟೇನಾ? ಇಬ್ರಿಗೂ ಬೇಡ ಅಂದ್ಬಿಡು. ಯಾರಿಗೂ ಹೆಚ್ಚಿಲ್ಲ ಕಮ್ಮಿಯಿಲ್ಲ.”

“ಆಮೇಲೆ ಮಗು ಅತ್ರೆ ನೀವು ಬರ್ತೀರಾ?”

“ನಾನು ಬಂದ್ರೆ ಮಗು ಇನ್ನೂ ಜೋರಾಗಿ ಅಳುತ್ತೆ. ಹೋಗ್ಲಿ, ಮಗು ಅಳು ನಿಲ್ಸೋಕೆ ಯಾರು ವಾಸಿ?”

“ಅಮ್ಮ.”

“ಮತ್ತಿನ್ನೇನು? ಅಮ್ಮಂಗೆ ಬಾ ಅನ್ನು, ಅತ್ತೆಗೆ ಬೇಡ ಅನ್ನು.”

“ಮಗು ಅಳೋದಕ್ಕೆ ಅಮ್ಮ ಬೇಕಣ್ಣ,” ಅಂದಳು ಅವಳು, ಪಿನ್ನಿನ ಡಬ್ಬಿ ನೋಡುತ್ತಾ. “ನಾನು ಅಳೋದಕ್ಕೆ ಅತ್ತೆ ಬೇಕು.”

ಈ ಮಾತು ತನ್ನೊಳಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಇಸ್ತ್ರಿಯಣ್ಣ “ಇಸ್ತ್ರಿಪೆಟ್ಟಿಗೆ ಕಾದಿದೆ,” ಎಂದು ಗೊಣಗಿ ಕೋಟುಗಳನ್ನು ಎತ್ತಿಕೊಂಡು ಒಳಗೆ ಹೋದ.

ಊಟದ ಬಿಡುವಿನಲ್ಲಿ ಅವಳು ಅಂಗಡಿಯ ಹಿಂಬಾಗಿಲ ಮೆಟ್ಟಿಲಿಗೆ ಬಂದು ಕುಳಿತಳು. ಫೋನು ಕೈಯಲ್ಲಿತ್ತು. ಮಂಚ ಮುರಿದಿದೆ ಅನ್ನಲೇ? ಗಂಡನಿಗೆ ಹುಷಾರಿಲ್ಲ ಅನ್ನಲೇ? ಅದನ್ನು ಕೇಳಿದರೆ ಅಮ್ಮ ಇವತ್ತೇ ಓಡಿಬರುತ್ತಾಳೆ. ಏನು ಹೇಳಬೇಕೆಂದು ತಿಳಿಯುವ ಮೊದಲೇ ಹೆಬ್ಬೆರಳು ಅಮ್ಮನ ನಂಬರನ್ನು ಒತ್ತಿಬಿಟ್ಟಿತ್ತು.

“ಏನು? ನೋವು ಶುರುವಾಯ್ತಾ?” ಅಂದಳು ಅಮ್ಮ.

“ಇಲ್ಲ.”

“ನೀರು ಹೋಯ್ತಾ?”

“ಇಲ್ಲಮ್ಮ.”

“ಮಗು ಒದೀತಾ ಇದೆ ತಾನೇ?”

“ಒದೀತಾ ಇದೆ. ಸುಮ್ನೆ ಫೋನ್ ಮಾಡ್ದೆ.”

“ಸುಮ್ನೆ ಮಾಡೋಳಲ್ಲ ನೀನು. ಹೇಳು.”

ಹೇಳಿದಳು. ಸುಳ್ಳು ಹುಡುಕಿ ಹುಡುಕಿ ಸುಸ್ತಾಗಿ, ಬಾಯಿಗೆ ಬಂದ ನಿಜವನ್ನೇ ಹೇಳಿದಳು. ಅತ್ತೆಗೂ ಬನ್ನಿ ಅಂದಿದ್ದೇನೆ. ನೀನು ಬಂದರೆ ನನಗೆ ಭಯವಾಗುತ್ತದೆ, ಬರದಿದ್ದರೆ ಇನ್ನೂ ಭಯ. ನಿನ್ನೆದುರು ನನ್ನ ಕೈಯಿಂದ ಚಮಚ ಬೀಳುತ್ತದೆ ಅಮ್ಮ. ನೀನು ನೋಡುತ್ತಿದ್ದರೆ ನನಗೆ ಮಗು ಎತ್ತಿಕೊಳ್ಳಲು ಆಗುವುದಿಲ್ಲವೇನೋ.

ಹೋಯಿತು, ಎಲ್ಲ ಹೋಯಿತು ಅಂದುಕೊಂಡಳು ಅವಳು.

“ನಿಮ್ಮತ್ತೆ ಬರ್ತಾರೆ ಅಂದ್ಯಲ್ಲ,” ಅಂದಳು ಅಮ್ಮ, “ನಿಜವಾಗ್ಲೂ ಬರ್ತಾರಾ?”

ಆ ದನಿಯನ್ನು ಅವಳು ಕೇಳಿಯೇ ಇರಲಿಲ್ಲ. ಸಂಜೆಯೊಳಗೆ ಬಟ್ಟೆ ಸಿಗುತ್ತದಾ ಎಂದು ಕೌಂಟರಿನಲ್ಲಿ ನಿಂತು ಕೇಳುವವರ ದನಿ ಅದು.

“ಬರ್ತಾರೆ. ಯಾಕಮ್ಮ?”

“ನಗಬೇಡ. ವಾರ್ಡಲ್ಲಿ ಮಗು ಹುಟ್ಟಿದಾಗಿಂದ ಡಿಸ್ಚಾರ್ಜ್ ಆಗೋವರೆಗೂ ನಂಗೆ ಗೊತ್ತು. ಕಣ್ಣು ಮುಚ್ಕೊಂಡು ಮಾಡ್ತೀನಿ. ಆ ಬಾಗಿಲು ದಾಟಿ ಹೋದ ಮಕ್ಕಳು ಆಮೇಲೆ ಏನ್ಮಾಡ್ತವೆ, ದಿನಾ ಹೇಗಿರ್ತವೆ, ನಾನು ಒಂದನ್ನೂ ನೋಡಿಲ್ಲ ಕಣೇ. ನಿನ್ನನ್ನೇ ನೋಡ್ಲಿಲ್ಲ. ಪಕ್ಕದ ಮನೆಯೋರು ನೋಡ್ಕೊಂಡ್ರು. ಈಗ ಅಲ್ಲಿಗೆ ಬಂದು, ಎಲ್ರೂ ನನ್ನ ಮುಖ ನೋಡಿದ್ರೆ, ಏನು ಹೇಳ್ಲಿ?”

ಹೆದರಿಸುವವಳು ತಾನೇ ಹೆದರಿದ್ದಾಳೆಂದರೆ ಸಮಾಧಾನವಾಗಬೇಕೋ, ಇದ್ದೊಂದು ಆಸರೆಯೂ ಹೋಯಿತೆಂದು ಗಾಬರಿಯಾಗಬೇಕೋ? ಎರಡೂ ಒಟ್ಟಿಗೇ ಆಯಿತು.

“ಅತ್ತೆಗೂ ಏನೂ ಗೊತ್ತಿಲ್ಲಮ್ಮ. ಹಾಲು ಉಕ್ಕಿಸ್ತಾರೆ.”

“ಉಕ್ಕಲಿ ಬಿಡು. ಒಂದು ಗಂಡು ಮಗು ಬೆಳೆಸಿದ್ದಾರಲ್ಲ.”

“ಕೇಳಿದ್ರೆ ಅವನೇ ಬೆಳೆದ ಅಂತಾರೆ.”

ಅಮ್ಮ ನಕ್ಕಳೋ ಕೆಮ್ಮಿದಳೋ. “ಹಾಗಾದ್ರೆ ಮೂರು ಜನರಲ್ಲಿ ಯಾರಿಗೂ ಗೊತ್ತಿಲ್ಲ ಅನ್ನು.”

“ಇವರೂ ಸೇರಿ ನಾಲ್ಕು.”

“ನಾನೂ ಬರ್ತೀನಿ ಅಂತ ನಿಮ್ಮತ್ತೆಗೆ ಯಾರು ಹೇಳೋದು? ನೀನಾ, ನಾನಾ?”

“ನೀನೇ ಹೇಳು. ಬೇಡ, ನಾನೇ ಹೇಳ್ತೀನಿ. ಇರು, ಅವರು ಏನಾದ್ರೂ ಅಂದ್ಕೊಂಡ್ರೆ...”

ಕೌಂಟರಿನಲ್ಲಿ ಯಾರೋ ಕರೆಯುತ್ತಿದ್ದರು. ಇಸ್ತ್ರಿಯಣ್ಣ ಹಿಂಬಾಗಿಲಿನಿಂದ ಇಣುಕಿದ. ಅವಳು ಅವನಿಗೆ ಒಂದು ಕೈ ಎತ್ತಿ ತೋರಿಸಿ, ಇನ್ನೊಂದು ಕೈಯಿಂದ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಅಮ್ಮ, ಇಟ್ಬಿಡ್ಬೇಡ. ಸ್ವಲ್ಪ ಹೊತ್ತು ಇರು.”

“ಇದ್ದೀನಿ,” ಅಂದಳು ಅಮ್ಮ. “ನಾನೇನು ಈಗ ಡ್ಯೂಟಿಗೆ ಹೋಗ್ಬೇಕಾ?”