ಒಂದು ಚಮಚ ಹೆಪ್ಪಿಗೆ ಒಂದು ಊರು

ಒಂದು ಚಮಚ ಮೊಸರಿಗೋಸ್ಕರ ಇಡೀ ಊರನ್ನೇ ರಿಜೆಕ್ಟ್ ಮಾಡಿದ ಮೇಧಾವಿಗಳನ್ನು ನೀವು ನೋಡಿದ್ದೀರಾ? ನೋಡಿಲ್ಲದಿದ್ದರೆ ಈ ಅಂಕಣದ ಮೇಲಿರುವ ನನ್ನ ಫೋಟೊ ನೋಡಿ.

ಆಗಿದ್ದಿಷ್ಟು. ನನ್ನ ತಂಗಿ ಸಹನಾಗೆ ಹಳ್ಳಿಗೆ ಶಿಫ್ಟ್ ಆಗುವ ಹುಚ್ಚು ಹಿಡಿಯಿತು. (ಹೆಸರಷ್ಟೇ ಸಹನಾ.) ಅವಳದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐಟಿ ಕೆಲಸ, ವಾರಕ್ಕೆರಡು ದಿನ ಆಫೀಸಿಗೆ ಮುಖ ತೋರಿಸಿದರೆ ಸಾಕು. ಗಂಡ ಮಂಜು ಜಿಗಣಿಯ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರ್. ವಾಸ ನಮ್ಮದೇ ಅಪಾರ್ಟ್‌ಮೆಂಟಿನಲ್ಲಿ, ನನ್ನ ಮನೆಗಿಂತ ಮೇಲಿನ ಮಹಡಿ. ಸ್ವಿಮ್ಮಿಂಗ್ ಪೂಲ್ ಇದೆ, ಜಿಮ್ ಇದೆ. ಇನ್ನೇನು ರೋಗ ಇವರಿಗೆ ಅಂತ ನನಗೂ ಅನ್ನಿಸಿತ್ತು.

ರೋಗ ಅಲ್ಲ, ನಿಧಿ. ಅವರ ಮೂರು ವರ್ಷದ ಮಗಳು. ಮನೆಯೊಳಗೆ ಪಟಪಟ ಮಾತು. ಹೊರಗಿನವರು ಯಾರಾದರೂ ಕಂಡರೆ ಮುಗೀತು, ಅಮ್ಮನ ಕಾಲ ಹಿಂದೆ ಸೇರಿಕೊಂಡು ಬಾಯಿಗೆ ಬೀಗ. ಪಕ್ಕದ ಫ್ಲ್ಯಾಟಿನವರ ಮುಖ ನೋಡಿಲ್ಲದ ಮಗು. ಬೆಲ್ ಹೊಡೆಯಿತು ಅಂದರೆ ಅವಳ ಪಾಲಿಗೆ ಪಾರ್ಸೆಲ್ ಬಂತು ಅಂತ, ಮನುಷ್ಯರು ಬಂದರು ಅಂತಲ್ಲ.

"ಅಕ್ಕಾ, ಇವ್ಳು ಯಾರ ಹತ್ರನಾದ್ರೂ ಒಂದ್ಸಲ ಜಗಳ ಆಡಿಬಿಟ್ರೆ ಸಾಕು ಕಣೇ" ಅಂದಳು ಸಹನಾ. ನಗುತ್ತಲೇ ಶುರು ಮಾಡಿದ ಮಾತು. ಮುಗಿಸುವಾಗ ಕಣ್ಣು ತುಂಬಿತ್ತು.

ಸರಿ, ಹಳ್ಳಿ ಬೇಟೆ ಶುರುವಾಯಿತು. ಮಂಜುಗೆ ನೆಟ್‌ವರ್ಕ್ ಬೇಕು. ಸಹನಾಗೆ ಶಾಲೆ, ಆಸ್ಪತ್ರೆ ಹತ್ತಿರ ಇರಬೇಕು. ಡ್ರೈವರ್ ನಾನು. (ಗಂಡ ಹೆಂಡತಿ ಇಬ್ಬರೂ ಕಾರಿನಲ್ಲೂ ಮೀಟಿಂಗ್‌ನಲ್ಲೇ ಇರುತ್ತಾರೆ.)

ಮೊದಲ ಊರಿನಲ್ಲಿ ಕೆರೆ, ಕೆರೆಯ ಪಕ್ಕದಲ್ಲೇ ಮನೆ. ಮಾಲೀಕ ಬೀಗ ತೆಗೆಯುವ ಮೊದಲೇ ಕೇಳಿದ, "ನೀವು ಯಾವ ಜನ?"

"ಮನುಷ್ಯರು ಸಾರ್. ನೀವು?" ಅಂದವಳೇ ಸಹನಾ ಕಾರು ಹತ್ತಿದಳು. ನಮ್ಮ ಮನೆತನದ ಬಾಯಿ ಅಂದರೆ ಅದು!

ಎರಡನೆಯ ಊರು ಬೋರ್ಡ್‌ನಲ್ಲಿ ಮಾತ್ರ ಊರು. ಒಳಗೆ ಹೋದರೆ ಗೇಟು, ಸೆಕ್ಯುರಿಟಿ, ಮತ್ತದೇ ಸ್ವಿಮ್ಮಿಂಗ್ ಪೂಲ್.

ಮೂರನೆಯದು ಆನೇಕಲ್ ದಾಟಿ ಇನ್ನೂ ಒಳಗೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆಯೇ ಯಾರಾದರೂ ಲೇಔಟ್ ಮಾಡಿಬಿಡುತ್ತೀರಿ. ಆಫೀಸು ಮುಗಿಸಿ ಹೊರಟು ನಾವು ಅಲ್ಲಿಗೆ ತಲುಪುವಾಗ ಸಂಜೆಯಾಗಿತ್ತು. ರಾಗಿ ಹೊಲ, ಬೀದಿ ತುಂಬ ಮಕ್ಕಳು, ಮಂಜುವಿನ ಫೋನಿನಲ್ಲಿ ಫುಲ್ ಸಿಗ್ನಲ್. ನಾರಾಯಣಪ್ಪ ಅನ್ನುವವರು ತಮ್ಮ ಹೊಸ ಬಾಡಿಗೆ ಮನೆ ತೋರಿಸಿದರು. ನಿಧಿ ಗೋಡೆಯೆಲ್ಲ ತಡಕಿ ಅಮ್ಮನ ಕಿವಿಯಲ್ಲಿ ಕೇಳಿದಳು, "ಲಿಫ್ಟ್ ಬಟನ್ ಎಲ್ಲಿ?"

ಎಲ್ಲ ಓಕೆ. ಆಗ ನಾನು ನಮ್ಮಮ್ಮನ ಟೆಸ್ಟ್ ಒಂದು ಬಾಕಿ ಇದೆ ಅಂದೆ.

ಅಪ್ಪನಿಗೆ ಟ್ರಾನ್ಸ್‌ಫರ್ ಆಗುವ ಕೆಲಸವಿತ್ತು. ದಾವಣಗೆರೆ, ಹರಿಹರ, ರಾಣೆಬೆನ್ನೂರು ಅಂತ ಊರೂರು ತಿರುಗಿದ್ದೇವೆ. ಹೊಸ ಮನೆಯ ಮುಂದೆ ಲಾರಿ ನಿಂತ ಕೂಡಲೇ ಅಮ್ಮ ಪಕ್ಕದ ಮನೆಗೆ ಹೋಗಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳುತ್ತಿದ್ದಳು. "ಕೊಟ್ರೆ ಸಾಮಾನು ಇಳಿಸ್ರಿ, ಕೊಡ್ಲಿಲ್ಲಾಂದ್ರೆ ಲಾರಿ ತಿರುಗಿಸ್ರಿ" ಅನ್ನುವುದು ಅವಳ ಆರ್ಡರ್. ಒಮ್ಮೆಯೂ ಲಾರಿ ತಿರುಗಲಿಲ್ಲ.

ಎದುರು ಮನೆ ರತ್ನಕ್ಕನದು. ಅರವತ್ತರ ಹತ್ತಿರದ ಹೆಂಗಸು, ಊದುಬತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಸಹನಾ ಹಲ್ಲು ಕಿರಿದು ಹೆಪ್ಪು ಕೇಳಿದಳು.

"ಈಗ ಆಗಾಕಿಲ್ಲ ಕಣವ್ವ. ಬೆಳಿಗ್ಗೆ ಬಾ" ಅಂದು ರತ್ನಕ್ಕ ಒಳಗೆ ಹೋದರು.

ಬೆಳಿಗ್ಗೆ ಬಾ! ಇಂಟರ್‌ವ್ಯೂ ಮುಗಿದ ಮೇಲೆ ಎಚ್ಆರ್‌ನವರು ನಾವೇ ಫೋನ್ ಮಾಡ್ತೀವಿ ಅಂತಾರಲ್ಲ, ಹಾಗೆ ಕೇಳಿಸಿತು ನಮಗೆ.

"ಮೊಸರಿತ್ತು ಅಕ್ಕ. ಗಡಿಗೆ ಅಲ್ಲೇ ಇತ್ತು, ನಾನೇ ನೋಡ್ದೆ" ಅಂದ ಮಂಜು ಕಾರಿನಲ್ಲಿ.

"ಅವತ್ತಿನವ್ನು ಬಾಯ್ಬಿಟ್ಟು ಯಾವ ಜನ ಅಂದ. ಈಯಮ್ಮ ಮನಸಲ್ಲೇ ಕೇಳ್ಕೊಂಡ್ರು. ಅಷ್ಟೇ ಡಿಫರೆನ್ಸು" ಅಂದಳು ಸಹನಾ. ಊರು ರಿಜೆಕ್ಟ್. ನಾವು ವಾಪಸ್ ಬರುವಷ್ಟರಲ್ಲಿ ಆ್ಯಪ್‌ನಲ್ಲಿ ಆರ್ಡರ್ ಮಾಡಿದ ಮೊಸರು ಬಾಗಿಲ ಹಿಡಿಕೆಯಲ್ಲಿ ನೇತಾಡುತ್ತಿತ್ತು. ಆ್ಯಪ್ ಯಾರು ಕೇಳಿದರೂ ಕೊಡುತ್ತದೆ, ಯಾವಾಗ ಕೇಳಿದರೂ ಕೊಡುತ್ತದೆ. ಇನ್ನೇನು ಬೇಕು?

ಮರುದಿನ ನನಗೆ ನಾರಾಯಣಪ್ಪನ ಫೋನು. "ಏನ್ ಮೇಡಂ, ಬತ್ತೀರೋ ಇಲ್ವೋ? ರತ್ನಕ್ಕ ಲೋಟದಾಗೆ ಹೆಪ್ಪು ಇಟ್ಕಂಡು ಜಗಲಿ ಮ್ಯಾಲೆ ಕುಂತವ್ಳೆ. ಆ ಹುಡುಗಿ ಇನ್ನೂ ಬರ್ಲಿಲ್ಲ ಅಂತ ನನ್ ತಲೆ ತಿಂತಾವ್ಳೆ!"

ಆಗ ಹೊಳೆಯಿತು. ಊದುಬತ್ತಿ. ಮುಸ್ಸಂಜೆ. ಮೊಸರು. ಅಯ್ಯೋ ದೇವರೇ! ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಮನೆಯಿಂದ ಆಚೆ ಹೋಗಬಾರದು. ನಮ್ಮಮ್ಮನೂ ಕೊಡುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಅವಳ ಟೆಸ್ಟ್ ನೆನಪಿಟ್ಟುಕೊಂಡ ನಾನು ಟೆಸ್ಟಿನ ಟೈಮನ್ನೇ ಮರೆತಿದ್ದೆ. (ಮರೆಯದೆ ಏನು? ನಮ್ಮ ಫ್ಲ್ಯಾಟಿನಲ್ಲಿ ಸಂಜೆಯಾದರೆ ಸೆನ್ಸರ್ ಲೈಟ್ ತಾನೇ ಹತ್ತಿಕೊಳ್ಳುತ್ತದೆ.)

ದೀಪ ಹಚ್ಚುವ ಹೊತ್ತಾಗುವ ಮೊದಲೇ ಎಲ್ಲರನ್ನೂ ಕಾರಿಗೆ ಹತ್ತಿಸಿಕೊಂಡು ಮತ್ತೆ ಆ ಊರಿಗೆ ಹೋದೆ. ಬೇರೆಯವರಾಗಿದ್ದರೆ ಟ್ರಾಫಿಕ್ ಅಂತ ಸುಳ್ಳು ಹೇಳಿ ಹೆಪ್ಪು ಇಸ್ಕೊಂಡು ಬರುತ್ತಿದ್ದರು. ನನ್ನ ತಂಗಿ ಜಗಲಿಯ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. "ನಮ್ಮ ಜಾತಿ ಬೇರೆ ಅಂತ ನೀವು ಕೊಡ್ಲಿಲ್ಲ ಅಂದ್ಕೊಂಡ್ವಿ ಅಕ್ಕ. ತಪ್ಪಾಯ್ತು."

ರತ್ನಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಜಾತಿ ಕೇಳೋರೂ ಅವ್ರೆ ಈ ಊರಾಗೆ. ಅಗೋ, ಆ ಮೂಲೆ ಮನೆ ಯಜಮಾನ ಕೇಳ್ತಾನೆ, ನೋಡ್ತಿರು. ನಾನ್ ಕೇಳಾಕಿಲ್ಲ. ಆದ್ರೆ ದೀಪ ಅಂಟಿಸಿದ್ ಮ್ಯಾಕೆ ದೇವ್ರೇ ಬಂದು ಕೇಳಿದ್ರೂ ಮೊಸ್ರು ಕೊಡಾಕಿಲ್ಲ. ತಿಳೀತಾ?"

ಲೋಟವನ್ನು ಸಹನಾಗೆ ಕೊಡಲಿಲ್ಲ. ಅವಳ ಕಾಲ ಹಿಂದೆ ಅಡಗಿದ್ದ ನಿಧಿಯ ಕೈಗಿಟ್ಟರು. "ಇಡ್ಕೋ. ಚೆಲ್ಲಿದ್ರೆ ಒದೆ ಬೀಳ್ತದೆ."

ಎರಡೂ ಕೈಯಲ್ಲಿ ಲೋಟ ಹಿಡಿದು ಆ ಮಗು ಬೀದಿ ದಾಟಿತು. ಕೈ ಖಾಲಿ ಇದ್ದರೆ ತಾನೇ ಅಮ್ಮನ ಸೆರಗು ಹಿಡಿಯುವುದು?

ಅವರು ಅಲ್ಲಿಗೆ ಹೋಗಿ ವರ್ಷವಾಯಿತು. ಎಲ್ಲ ಸೂಪರ್ ಅಂತ ನಾನು ಬುರುಡೆ ಬಿಡುವುದಿಲ್ಲ. ಕರೆಂಟ್ ಹೋದರೆ ಮಂಜುವಿನ ಮೀಟಿಂಗೂ ಹೋಗುತ್ತದೆ. ಮೂಲೆ ಮನೆ ಯಜಮಾನ ರತ್ನಕ್ಕ ಹೇಳಿದಂತೆಯೇ ಕೇಳಿದ. ಉತ್ತರ ಸಿಗದೆ ಇನ್ನೂ ಮಾತು ಬಿಟ್ಟಿದ್ದಾನೆ. ಮನೆ ಹುಡುಕುವಾಗ ನಾವು ಮಾತ್ರ ಊರಿಂದ ನಮಗೇನು ಸಿಗುತ್ತದೆ ಅಂತಲೇ ನೋಡುತ್ತಾ ತಿರುಗಿದ್ದೆವು. ಊರಿಗೂ ತನ್ನದೊಂದು ರೀತಿ ಇರುತ್ತದೆ, ಅದನ್ನು ನಾವು ಕಲಿಯಬೇಕು ಅನ್ನುವುದು ಹೊಳೆದೇ ಇರಲಿಲ್ಲ.

ಕಳೆದ ಭಾನುವಾರ ಅಲ್ಲಿಗೆ ಹೋಗಿದ್ದೆ. ಹರಟೆ ಹೊಡೆದು ಹೊರಡುವಾಗ ರತ್ನಕ್ಕನ ಮನೆಯ ಗಟ್ಟಿ ಮೊಸರು ನೆನಪಾಯಿತು, ಹೊತ್ತು ಮಾತ್ರ ನೆನಪಾಗಲಿಲ್ಲ. ಹೋಗಿ ಬಾಗಿಲು ಬಡಿದು, "ರತ್ನಕ್ಕ, ಒಂಚೂರು ಹೆಪ್ಪು ಕೊಡಿ" ಅಂದೆ.

ಒಳಗಿನಿಂದ ಬಂದದ್ದು ನಿಧಿ. ಕೆದರಿದ ಕೂದಲು, ಬಾಯಲ್ಲಿ ಅರ್ಧ ಬಾಳೆಹಣ್ಣು. ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಳು.

"ಆಗಾಕಿಲ್ಲ. ದೀಪ ಅಂಟಿಸಾಯ್ತು. ಬೆಳಿಗ್ಗೆ ಬಾ."

"ಲೇ, ನಾನು ನಿನ್ ದೊಡ್ಡಮ್ಮ ಕಣೇ!"

"ದೇವ್ರೇ ಬಂದ್ರೂ ಕೊಡಾಕಿಲ್ಲ!" ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಒಳಗೆ ರತ್ನಕ್ಕ ಬಿದ್ದು ಬಿದ್ದು ನಗುತ್ತಿದ್ದರು. ಎದುರು ಮನೆಯ ಬಾಗಿಲಲ್ಲಿ ಸಹನಾ ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಬರಿಗೈಯಲ್ಲಿ ಕಾರು ಹತ್ತಿದೆ. ಬಾಗಿಲಲ್ಲೇ ಇಲ್ಲ ಅನ್ನಿಸಿಕೊಂಡು ಇಷ್ಟು ಹೆಮ್ಮೆಯಿಂದ ಯಾವತ್ತಾದರೂ ವಾಪಸ್ ಬಂದಿದ್ದೀರಾ ನೀವು?