ಕೆಂಕೆರೆಗೆ ಹೋದವು

ನಮ್ಮ ಅತ್ತೆ ಬದುಕಿದ್ದಷ್ಟು ದಿನ ‘ಕೋಳಿ’ ಎಂಬ ಮಾತನ್ನು ಬಾಯಲ್ಲಿ ಆಡಲಿಲ್ಲ. ಹುಂಜ ಕೂಗಿದರೆ, “ಅದು ಕೂಗ್ತು, ಏಳೇ” ಎಂದು ನನ್ನನ್ನು ಎಬ್ಬಿಸುತ್ತಿದ್ದರು. ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ಕರಿ ಕಂಬಳಿಯ ಮೇಲೆ ಕೂತು ಲಿಂಗಪೂಜೆ ಮುಗಿಸುವವರೆಗೆ ಹನಿ ನೀರೂ ಮುಟ್ಟದ ಜೀವ. ಅಂಥವರ ಮನೆಯೊಳಗೆ ಒಂಬತ್ತು ‘ಅವು’ ಬಂದು ಸೇರಿದ್ದು ನನ್ನಿಂದ.

ಎಪ್ಪತ್ತರ ದಶಕದ ಕೊನೆಯ ಮಾತು. ಹುಳಿಯಾರಿನ ನಮ್ಮ ಮನೆಯ ಹಿಂದೆಯೇ ಪುಟ್ಟಮ್ಮನ ಮನೆ. ಅವಳು ನಮ್ಮ ಕೊಟ್ಟಿಗೆಯ ಕೆಲಸಕ್ಕೆ ಬರುತ್ತಿದ್ದಳು. ಮಾಗಿಯ ಚಳಿಯಲ್ಲಿ ಒಂದು ಬೆಳಗ್ಗೆ ಕುಕ್ಕೆಯಲ್ಲಿ ಮರಿಗಳನ್ನು ಹೊತ್ತು ಬಂದಳು. ತಾಯಿಕೋಳಿಯನ್ನು ಮುಂಗುಸಿ ಎಳೆದುಕೊಂಡು ಹೋಗಿತ್ತು. “ಮಗಳು ಬಾಣಂತನಕ್ಕೆ ಬರೋ ಹೊತ್ಗೆ ಬೆಳೀತವೆ ಅಂತಿದ್ದೆ ಅಕ್ಕಾರೆ. ಈ ಚಳೀಲಿ ಉಳಿಯಾಕಿಲ್ಲ” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅತ್ತೆಗೆ ಕೇಳಿಸುವ ಮಾತಲ್ಲ ಅದು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕೋಳಿಮರಿಗಳು ಬೆಚ್ಚಗಿರಲೆಂದು ಬಲ್ಬು ಕಟ್ಟುತ್ತಿದ್ದುದನ್ನು ನೋಡಿದ್ದೆ. ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಹಳೆಯ ಟೀ ಪೆಟ್ಟಿಗೆಯಿಟ್ಟು, ಭತ್ತದ ಹೊಟ್ಟು ಹಾಸಿದೆ. ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟದಿರಲಿ ಎಂದು ಮೂಲೆಗಳಿಗೆ ತೆಂಗಿನ ಮಟ್ಟೆ ಒತ್ತಿದೆ. ಮರಿಗಳು ಮುಳುಗದಿರಲೆಂದು ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿದೆ. ಬಲ್ಬು ಇಳಿಬಿಟ್ಟು ಹೆಮ್ಮೆಯಿಂದ ತಿರುಗಿದರೆ, ಹೊಸ್ತಿಲಾಚೆ ಅತ್ತೆ. ಒಳಗೆ ಕಾಲಿಡುವಂತಿಲ್ಲ, ಬಿಟ್ಟು ಹೋಗಲೂ ಮನಸ್ಸಿಲ್ಲ.

“ಏನೇ, ಸಾಕ್ತಾ ಇದೀಯೋ ಬೇಯಿಸ್ತಾ ಇದೀಯೋ?”

ನೋಡಿದರೆ ಮರಿಗಳು ಬಾಯಿ ತೆರೆದುಕೊಂಡು ಅಂಚಿಗೆ ಒತ್ತಿಕೊಂಡಿದ್ದವು.

“ಎರಡು ಗೇಣು ಮೇಲಕ್ಕೆತ್ತು. ದೂರ ಓಡಿದ್ರೆ ಸೆಕೆ, ಒಟ್ಗೆ ಮುದುರಿದ್ರೆ ಚಳಿ. ಅವೇ ಹೇಳ್ತಾವಲ್ಲೇ. ಇಂಗ್ಲೀಷಲ್ಲಿ ಹೇಳ್ಬೇಕಾ ನಿಂಗೆ?”

ಮೂರನೆಯ ದಿನ ಸಂಜೆ ಕರೆಂಟು ಹೋಯಿತು. ಮರಿಗಳ ಚೀರಾಟ ಕೇಳಿ ಪುಟ್ಟಮ್ಮ ಬಾಗಿಲಿಗೆ ಓಡಿಬಂದಳು. ಅತ್ತೆ ಬಂದರು. ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಕೈಯಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಚೊಂಬು, ಹೆಗಲ ಮೇಲೆ ಪೂಜೆಯ ಕಂಬಳಿ.

“ನನ್ ಮುಖ ಏನ್ ನೋಡ್ತೀಯ? ಕಂಬಳಿಗೆ ಮೈಲಿಗೆ ಇಲ್ಲ. ಚೊಂಬು ನಡುವೆ ಇಡು, ಮೇಲೆ ಮುಚ್ಚು. ಉಸಿರಿಗೆ ಸಂದಿ ಬುಡು.”

ಒಂಬತ್ತೂ ಉಳಿದವು. ಆದರೆ ಆ ಕಂಬಳಿಯೇ ತಮ್ಮ ತಾಯಿ ಎಂದು ತೀರ್ಮಾನಿಸಿಬಿಟ್ಟವು. ಅದು ಬಿಸಿಲು ಕಂಡು ಪೂಜೆಗೆ ಮರಳಿದ ಮೇಲೆ, ಅತ್ತೆ ಕೂತರೆ ಸಾಕು, ಅಂಗಳದಿಂದ ಓಡಿಬಂದು ಕಂಬಳಿಯ ಮಡಿಕೆಗಳೊಳಗೆ ನುಗ್ಗುತ್ತಿದ್ದವು. ಅಂಗೈಯಲ್ಲಿ ಲಿಂಗ, ಮಾತಾಡುವಂತಿಲ್ಲ, ಏಳುವಂತಿಲ್ಲ. ಕಣ್ಣಲ್ಲೇ ನನ್ನನ್ನು ಬೈಯುತ್ತಿದ್ದರು. ಕುಂಟು ಮರಿಯೊಂದು ತೊಡೆಯೇರಿ ನಿದ್ದೆಹೋದ ದಿನ ಪೂಜೆ ಮುಗಿಯುವಷ್ಟರಲ್ಲಿ ಉಪ್ಪಿಟ್ಟು ಆರಿಹೋಗಿತ್ತು. “ಮಧ್ಯೆ ಏಳಬಾರ್ದು ಅಂತ ಸುಮ್ನಿದ್ದೆ ಕಣೇ” ಎಂದರು.

ಪುಟ್ಟಮ್ಮನ ಮಗಳು ಬಂದು ಹೆತ್ತಳು. ‘ಅವು’ ಒಂದೊಂದಾಗಿ ಕಡಿಮೆಯಾಗತೊಡಗಿದವು.

“ಆ ಬಿಳೀದೆಲ್ಲೇ ಪುಟ್ಟಿ?” ಎಂದು ಅತ್ತೆ ಪುಟ್ಟಮ್ಮನನ್ನು ಕೇಳಿದರು.

“ಕೆಂಕೆರೆಗೆ ಹೋಗೈತೆ ಕಣ್ರವ್ವ. ನಮ್ ನೆಂಟ್ರ ಮನೆಗೆ.”

“ಹೂಂ. ಚೆನ್ನಾಗಿರ್ಲಿ.”

ಒಳಗೆ ಹೋಗಿ ಮೆಣಸು, ಬೆಳ್ಳುಳ್ಳಿ ತಂದು ಅವಳ ಮಡಿಲಿಗೆ ಹಾಕುತ್ತಿದ್ದರು, ಬಾಣಂತಿಗೆ ಎಂದು. ಪ್ರತಿ ಸಲವೂ. ಕೊನೆಗೆ ಒಂದೇ ಉಳಿದಾಗ ಹೇಳಿದರು: “ಕುಂಟೀನ ಕಳಿಸ್ಬೇಡ ಪುಟ್ಟಿ. ಪಾಪ, ಅಷ್ಟು ದೂರ ನಡೆಯೋಕಾಗಲ್ಲ.” ಎಂಥ ಮುಗ್ಧೆ ಎಂದುಕೊಂಡೆ ನಾನು.

ಎಷ್ಟೋ ವರ್ಷದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಪುಟ್ಟಮ್ಮ ಕಾಲೊತ್ತುತ್ತಿದ್ದಳು.

“ಪುಟ್ಟಿ, ಕೆಂಕೆರೆ ಎಷ್ಟ್ ದೂರಾನೇ?”

“ಇಲ್ಲೇ ಎರಡ್ ಮೈಲಿ ಕಣ್ರವ್ವ.”

“ಅಷ್ಟ್ ಹತ್ರ ಇದ್ರೂ ಎಂಟರಲ್ಲಿ ಒಂದೂ ತಿರುಗಿ ಬರ್ಲಿಲ್ವಲ್ಲೇ.”

ಪುಟ್ಟಮ್ಮನ ಕೈ ನಿಂತಿತು. ಅತ್ತೆಯ ತುಟಿಯಂಚಿನಲ್ಲಿ ನಗು ಅಲುಗುತ್ತಿತ್ತು.

“ಒತ್ತೇ, ಯಾಕ್ ನಿಲ್ಲಿಸ್ದೆ? ಊರು ಚೆನ್ನಾಗೇ ಇರ್ಬೇಕು. ನಾನೂ ಹೋಗಿ ನೋಡ್ತೀನಿ.”

ನಾಲ್ಕನೆಯ ದಿನ ಹೋದರು. ಅಂದಿನಿಂದ ಪುಟ್ಟಮ್ಮ ಆ ಊರಿನ ಹೆಸರು ಎತ್ತುವುದಿಲ್ಲ. ನೆಂಟರ ಮನೆಗೆ ಹೊರಟರೆ, “ಅಲ್ಲಿಗೆ ಹೋಗ್ಬತ್ತೀನಿ ಅಕ್ಕಾರೆ” ಎನ್ನುತ್ತಾಳೆ.