ಅತ್ತೆ ಕದ್ದ ಗೆಡ್ಡೆ

ಕೇಳಿ ತಂದ ಗಿಡ ಹತ್ತುವುದಿಲ್ಲ, ಕದ್ದು ತಂದದ್ದೇ ಚಿಗುರುವುದು ಎಂದು ನಮ್ಮ ನೇಯ್ಗೆಯವರ ಮನೆಗಳಲ್ಲಿ ಒಂದು ನಂಬಿಕೆ. ಕೊಯಮತ್ತೂರಿನ ನಮ್ಮ ಮನೆಯ ತಾರಸಿಯಲ್ಲಿ ಅಮ್ಮ ಬೆಳೆಸಿರುವ ಅರವತ್ತು ಕುಂಡಗಳಲ್ಲಿ ಅರ್ಧಕ್ಕೂ ಹೆಚ್ಚು ಹೀಗೆ ಬಂದವೇ. ಆರ್.ಎಸ್. ಪುರಂನ ಯಾವ ಕಾಂಪೌಂಡಿನಿಂದ ಯಾವ ಮಲ್ಲಿಗೆಯ ಕಡ್ಡಿ ಬಂತು ಎಂಬುದು ಅವಳಿಗೆ ಬಾಯಿಪಾಠ. ನಮ್ಮ ತಾರಸಿಯಿಂದ ಯಾರಾದರೂ ಕದಿಯಲು ಹೊರಟರೆ ಬೇಕೆಂದೇ ಬೆನ್ನು ತಿರುಗಿಸಿ ನಿಲ್ಲುತ್ತಾಳೆ.

ತಿರುಪ್ಪೂರಿನ ಅತ್ತೆ, ಅಪ್ಪನ ತಂಗಿ, ಬಂದು ಹೋದ ಮಾರನೆಯ ಬೆಳಗ್ಗೆ ಅಮ್ಮ ಒಂದು ಕುಂಡದ ಮಣ್ಣು ಕೆದಕಿರುವುದನ್ನು ನೋಡಿ ನಕ್ಕಳು. ಅದು ಕಣ್ವಲಿ ಬಳ್ಳಿಯ ಕುಂಡ. ಕರ್ನಾಟಕದ ಕಡೆ ಅಗ್ನಿಶಿಖೆ ಎನ್ನುತ್ತಾರಂತೆ. ಬೆಂಕಿಯ ನಾಲಗೆಯಂಥ ಹೂ. ಮೊದಲು ಊರಾಚೆಯ ಮುಳ್ಳುಬೇಲಿಗಳಲ್ಲಿ ತಾನಾಗಿ ಹಬ್ಬುತ್ತಿತ್ತು. ಬೇಲಿಗಳೆಲ್ಲ ಸೈಟುಗಳಾಗುವಾಗ ಅಮ್ಮ ಒಂದು ಗೆಡ್ಡೆ ಅಗೆದು ತಂದಿದ್ದಳು. ಈಗ ಬಳ್ಳಿ ಒಣಗಿ, ಮಣ್ಣಿನಲ್ಲಿ ಗೆಡ್ಡೆಗಳು ಮಾತ್ರ ಉಳಿದಿದ್ದವು; ಅವುಗಳಲ್ಲಿ ಒಂದನ್ನು ಅತ್ತೆ ಅಗೆದು ಒಯ್ದಿದ್ದಳು. ಆ ಬಳ್ಳಿ ಹೂಬಿಟ್ಟದ್ದನ್ನು ಅವಳು ಕಂಡೇ ಇರಲಿಲ್ಲ. ಆ ಗೆಡ್ಡೆ ಅಪ್ಪಟ ವಿಷ.

ನೆಡಲು ತಾನೇ ಒಯ್ದಿರುವುದು ಎಂದಳು ಅಮ್ಮ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು, ನಗಲಾಗಲಿಲ್ಲ. ಅತ್ತೆಗೆ ಫೋನ್ ಮಾಡಿದರೆ ಎತ್ತಲಿಲ್ಲ; ಅದು ಸದಾ ಬೀರುವಿನೊಳಗೇ ಬಡಿದುಕೊಳ್ಳುವ ಫೋನು. ಬಸ್ಸು ಹತ್ತಿದೆ.

ಬಾಗಿಲು ತೆರೆದಿತ್ತು. ಅತ್ತೆ ಈಳಿಗೆ ಮಣೆಯ ಮುಂದೆ ಕೂತಿದ್ದಳು. ತಟ್ಟೆ ತುಂಬ ಬಿಳಿ ಹೋಳು, ಒಲೆಯ ಮೇಲೆ ಬೇಳೆ.

"ಬಾ ಕಣ್ಣು, ಒಳ್ಳೆ ಹೊತ್ತಿಗೇ ಬಂದೆ. ನಿಮ್ಮ ಕುಂಡದ ಗೆಣಸೇ ಇವತ್ತು ಸಾಂಬಾರಿಗೆ."

ತಟ್ಟೆ ಕಿತ್ತುಕೊಂಡೆ. ಬೇಳೆಗೆ ಇನ್ನೂ ಹಾಕಿರಲಿಲ್ಲ. ಆದರೆ ಹೊಸ ಗೆಡ್ಡೆ ಯಾವುದೇ ಇರಲಿ, ತುರಿಸುತ್ತದೆಯೇ ಎಂದು ಹಸಿಯಾಗಿ ಕಚ್ಚಿ ನೋಡುವುದು ಅತ್ತೆಯ ಅಭ್ಯಾಸ. ಕಚ್ಚಿದಿರಾ ಎಂದರೆ ಇಲ್ಲ ಅಂದಳು. ಆಮೇಲೆ, ನೆನಪಿಲ್ಲ ಅಂದಳು. ನೆಲದ ಮೇಲೆ ಕೂತು ಹೋಳುಗಳನ್ನು ಒಂದಕ್ಕೊಂದು ಜೋಡಿಸಿದೆ. ನೇಗಿಲಿನಂತೆ ಕವಲೊಡೆದ ಗೆಡ್ಡೆ ಮೆಲ್ಲಗೆ ಮೂಡಿತು. ಒಂದು ತುದಿಯಲ್ಲಿ ಉಗುರಿನಷ್ಟು ಚೂರು ಕಾಣೆ.

ಆಟೋ, ಆಸ್ಪತ್ರೆ. ಡಾಕ್ಟರು ಎರಡು ದಿನ ಇಟ್ಟುಕೊಂಡರು. ಒಂದು ಗೆಣಸಿಗಾಗಿ ಅಣ್ಣನ ಮಗಳು ತನ್ನನ್ನು ಮಲಗಿಸಿದ್ದಾಳೆ ಎಂದು ಅತ್ತೆ ವಾರ್ಡಿಗೆಲ್ಲ ದೂರಿದಳು, ಇಡ್ಲಿ ಕಲ್ಲಾಗಿದೆ ಎಂದು ನರ್ಸಿಗೆ ಪಾಠ ಮಾಡಿದಳು. ಅವಳು ಕಣ್ಣು ಮುಚ್ಚಿದಾಗಲೆಲ್ಲ ನಾನು ಉಸಿರು ಎಣಿಸಿದೆ. ಅವಳಿಗೆ ಏನೂ ಆಗಲಿಲ್ಲ.

ನೋಡಲು ಬಂದ ಅಮ್ಮನಿಗೆ, ಮೊದಲು ಆ ಬಳ್ಳಿ ಕಿತ್ತೆಸೆ ಎಂದೆ. ಉತ್ತರ ಬಂದದ್ದು ಹಾಸಿಗೆಯಿಂದ.

"ಕದ್ದವಳು ನಾನು, ಶಿಕ್ಷೆ ಬಳ್ಳಿಗಾ? ಬೇಲಿ ಒಂದೂ ಉಳಿದಿಲ್ಲ. ಇದನ್ನೂ ಕಿತ್ತರೆ ಆಮೇಲೆ ಎಲ್ಲಿಂದ ಕದಿಯೋದು ಅತ್ತಿಗೆ?"

ಅಮ್ಮ ನಕ್ಕುಬಿಟ್ಟಳು. ಬಳ್ಳಿ ಉಳಿಯಿತು.

ಆ ಚೂರು ಎಲ್ಲಿ ಹೋಯಿತೋ ಗೊತ್ತಾಗಲೇ ಇಲ್ಲ. ಈಗಲೂ ದಿನಾ ಬೆಳಗ್ಗೆ ಫೋನ್ ಮಾಡಿ ಏನು ಅಡುಗೆ ಎಂದು ಕೇಳುತ್ತೇನೆ. ಅತ್ತೆ ಬೇಸರಿಸದೆ ಪ್ರತಿ ತರಕಾರಿಯ ಹೆಸರು ಹೇಳುತ್ತಾಳೆ. ಗೆಡ್ಡೆಯಾದರೆ, ಯಾವ ಅಂಗಡಿಯದು ಎಂದೂ.